ಬೆಟ್ಟದಲ್ಲಿ ಬಟ್ಟೆ ಎಳೆಯುವವರು: ಉಣುಗಿನ ಎಣಿಕೆಯಿಂದ ಏನು ತಿಳಿಯುತ್ತದೆ

ಶಿರಸಿ, ಸಿದ್ದಾಪುರ, ಹೊನ್ನಾವರ ಸೀಮೆಯ ಕಾಡಂಚಿನಲ್ಲಿ ಬಿಳಿಯ ಫ್ಲಾನೆಲ್ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ, ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತ, ಹತ್ತು ಹೆಜ್ಜೆಗೊಮ್ಮೆ ನಿಂತು ಅದನ್ನು ಮಗುಚಿ ನೋಡುವ ವಿದ್ಯಾರ್ಥಿಗಳು ಎಣಿಸುತ್ತಿರುವುದು ಉಣುಗುಗಳನ್ನು, ಅಂದರೆ ರಕ್ತ ಹೀರುವ ಉಣ್ಣೆಗಳನ್ನು. ಅವರನ್ನು ಕಂಡ ಊರಿನವರು ಮೊದಲು ಕೇಳುವ ಪ್ರಶ್ನೆ ಸಹಜವಾದದ್ದೇ: ನಮ್ಮ ಬೆಟ್ಟದಲ್ಲಿ ಮಂಗನ ಕಾಯಿಲೆ ಇದೆಯೋ, ಇಲ್ಲವೋ? ಆ ಬಟ್ಟೆಗೆ ಈ ಪ್ರಶ್ನೆಗೆ ಉತ್ತರಿಸುವ ಶಕ್ತಿ ಇಲ್ಲ. ಅದು ಉತ್ತರಿಸಬಲ್ಲ ಪ್ರಶ್ನೆ ಬೇರೆಯದು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಉಪಯುಕ್ತವಾದದ್ದು: ಈ ಜಾಗದಲ್ಲಿ, ಈ ತಿಂಗಳಲ್ಲಿ, ಯಾವ ಹಂತದ ಉಣುಗು ಎಷ್ಟಿದೆ, ಮತ್ತು ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು?

ಹಿನ್ನೆಲೆ ಹಲವರಿಗೆ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಮಂಗ ಮತ್ತು ಮನುಷ್ಯರಿಬ್ಬರೂ ಸಾಯುತ್ತಿದ್ದುದರಿಂದ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೆ ಬಂದಿರಬಹುದೇ ಎಂಬ ಆತಂಕ ಆಗ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿತು. ರೋಗ ಬಹುಕಾಲ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳಲ್ಲಿ ಉಳಿದಿತ್ತು. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಅದು ಕಾಣಿಸಿಕೊಂಡಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ನಕ್ಷೆಯನ್ನು ಮುಂದಿಟ್ಟುಕೊಂಡರೆ, ಶಿವಮೊಗ್ಗಕ್ಕೂ ಗೋವಾಕ್ಕೂ ನಡುವೆ ಇರುವುದು ಉತ್ತರ ಕನ್ನಡವೇ. ಸಿದ್ದಾಪುರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಪ್ರಕರಣಗಳು ಕಾಣಿಸಿಕೊಂಡಿರುವುದರಿಂದ ಜಿಲ್ಲೆಗೆ ಇದು ಪಕ್ಕದೂರಿನ ಸುದ್ದಿಯಾಗಿ ಉಳಿದಿಲ್ಲ.

ಎಣಿಕೆಯ ಅರ್ಥ ತಿಳಿಯಬೇಕಾದರೆ ಮೊದಲು ಉಣುಗಿನ ವರ್ಷವನ್ನು ತಿಳಿಯಬೇಕು. ರೋಗದ ಮುಖ್ಯ ವಾಹಕವಾದ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ ತನ್ನ ಆಯುಷ್ಯದಲ್ಲಿ ಮೂರು ಹಂತಗಳಲ್ಲಿ ರಕ್ತ ಹೀರುತ್ತದೆ, ಮತ್ತು ಪ್ರತಿ ಹಂತದಲ್ಲೂ ಬೇರೆ ಪ್ರಾಣಿಯನ್ನು ಹಿಡಿಯುತ್ತದೆ. ಮೃಗಶಿರ, ಆರಿದ್ರ ಮಳೆಗಳು ನೆಲವನ್ನು ನೆನೆಸಿದ ಮೇಲೆ ಬೆಳೆದ ಉಣುಗುಗಳು ಚುರುಕಾಗಿ ದನ, ಜಿಂಕೆ, ಕಡವೆಯಂತಹ ದೊಡ್ಡ ಪ್ರಾಣಿಗಳನ್ನು ಹತ್ತುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಉದುರಿ, ದರಕಿನ ಅಡಿಯಲ್ಲಿ ಸಾವಿರದ ಲೆಕ್ಕದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆಗಾಲ ಮುಗಿದು ದೀಪಾವಳಿ ಬರುವ ಹೊತ್ತಿಗೆ ಆರು ಕಾಲಿನ ಲಾರ್ವಾಗಳು ಹೊರಬಂದು ಇಲಿ, ಸೊಂಡಿಲಿ, ಅಳಿಲು, ನೆಲದಲ್ಲಿ ಆಹಾರ ಹುಡುಕುವ ಹಕ್ಕಿ, ಮಂಗ, ಹೀಗೆ ಸಿಕ್ಕಿದ ಪ್ರಾಣಿಯ ರಕ್ತ ಹೀರಿ ಮತ್ತೆ ಉದುರುತ್ತವೆ. ಅವೇ ಪೊರೆ ಕಳಚಿ ಎಂಟು ಕಾಲಿನ ನಿಂಫ್‌ಗಳಾಗುತ್ತವೆ. ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆಯ ಮಳೆ ಬೀಳುವವರೆಗಿನ ಕಾಲ ಈ ನಿಂಫ್‌ಗಳದ್ದು. ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಉದ್ದದ ಇವು ಮನುಷ್ಯನ ಮೈ ಹತ್ತಿದರೂ ಬಹಳ ಸಲ ಗೊತ್ತೇ ಆಗುವುದಿಲ್ಲ.

ಲಾರ್ವಾ ಹಂತದಲ್ಲಿ ಸೋಂಕಿತ ಪ್ರಾಣಿಯ ರಕ್ತ ಹೀರಿದ ಉಣುಗು ಪೊರೆ ಕಳಚಿದ ಮೇಲೂ ವೈರಸ್ಸನ್ನು ಉಳಿಸಿಕೊಂಡಿರುತ್ತದೆ. ಮಂಗಗಳ ರಕ್ತದಲ್ಲಿ ಈ ವೈರಸ್ ಬಹಳ ಪ್ರಮಾಣದಲ್ಲಿ ಹೆಚ್ಚುತ್ತದೆಯಾದ್ದರಿಂದ, ಒಂದು ಮುಸ್ಯ ಅಥವಾ ಕೆಂಪುಮೋರೆಯ ಮಂಗ ಸತ್ತಾಗ ಅದರ ಮೈಯಿಂದ ಉದುರಿದ ಉಣುಗುಗಳು ಆ ಸುತ್ತಿನ ಸಣ್ಣ ಜಾಗವನ್ನು ಅಪಾಯದ ತಾಣವನ್ನಾಗಿ ಮಾಡುತ್ತವೆ. ದನಗಳ ಪಾತ್ರ ಬೇರೆಯೇ: ಅವು ವೈರಸ್ಸನ್ನು ಹೆಚ್ಚಿಸುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ಊಟ ಒದಗಿಸಿ ಮುಂದಿನ ಪೀಳಿಗೆಯ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಮನುಷ್ಯನಲ್ಲಿಗೆ ಬಂದ ವೈರಸ್ ಅಲ್ಲಿಗೇ ನಿಲ್ಲುತ್ತದೆ. ರೋಗಿಯಿಂದ ಮತ್ತೊಬ್ಬರಿಗೆ ಅದು ಹರಡುವುದಿಲ್ಲ.

ಈಗ ಮಲೆನಾಡಿನ ಕೃಷಿಯ ವರ್ಷವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು ತರುವ ಕಾಡು, ಹೊಂದಿಕೊಂಡಿರುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಬ್ರಿಟಿಷರ ಕಾಲದ ಲೆಕ್ಕ ಶಿರಸಿ ಕಡೆಯವರಿಗೆ ಹೊಸದಲ್ಲ. ಅಡಿಕೆಯ ಕೊನೆಕೊಯ್ಲು ಮುಗಿದು ಕೈ ಬಿಡುವಾಗುವ ಜನವರಿಯಿಂದ ಏಪ್ರಿಲ್‌ವರೆಗೆ ಸೊಪ್ಪು ಕಡಿಯುವುದು, ಕೊಟ್ಟಿಗೆಗೆ ದರಕು ಗುಡಿಸಿ ತರುವುದು, ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವುದು, ಸೀಗೆ ಕೊಯ್ಯುವುದು ನಡೆಯುತ್ತವೆ. ನಿಂಫ್‌ಗಳು ಕಾದು ಕುಳಿತಿರುವ ಜಾಗ ದರಕೇ, ಅವು ಚುರುಕಾಗಿರುವ ತಿಂಗಳುಗಳೂ ಇವೇ. ಮಳೆಗಾಲದಲ್ಲಿ ಕಾಡಿನಲ್ಲಿ ಉಣುಗು ಕಡಿಮೆ ಇರುವುದರಿಂದ ರೋಗ ಕಡಿಮೆ ಎಂದು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಆಗಲೂ ಉಣುಗು ಧಾರಾಳವಾಗಿರುತ್ತದೆ. ಆದರೆ ಅದು ಬೆಳೆದ ಹಂತದಲ್ಲಿದ್ದು ದೊಡ್ಡ ಪ್ರಾಣಿಯನ್ನು ಬಯಸುತ್ತದೆ. ಆದ್ದರಿಂದ ‘ಈ ಬೆಟ್ಟದಲ್ಲಿ ಇಷ್ಟು ಉಣುಗು ಸಿಕ್ಕಿತು’ ಎಂಬ ಹೇಳಿಕೆಗೆ ತಿಂಗಳು ಮತ್ತು ಹಂತ ಎರಡನ್ನೂ ಸೇರಿಸದಿದ್ದರೆ ಯಾವ ಅರ್ಥವೂ ಇರುವುದಿಲ್ಲ. ಆಗಸ್ಟ್‌ನ ಐವತ್ತು ಮತ್ತು ಫೆಬ್ರವರಿಯ ಐವತ್ತು ಒಂದೇ ಸಂಖ್ಯೆಯಲ್ಲ.

ಬಟ್ಟೆ ಎಳೆಯುವ ವಿಧಾನ ಸರಳವಾಗಿದೆ, ಆದರೆ ಅದರ ಸರಳತೆ ಮೋಸಗೊಳಿಸುವಂಥದ್ದು. ಉಣುಗಿಗೆ ಹಾರುವ, ನೆಗೆಯುವ ಶಕ್ತಿಯಿಲ್ಲ. ಅದು ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಏರಿ, ಮುಂಗಾಲುಗಳನ್ನು ಚಾಚಿ, ಹಾದುಹೋಗುವ ಪ್ರಾಣಿಗಾಗಿ ಕಾಯುತ್ತದೆ. ಆ ಮುಂಗಾಲುಗಳಲ್ಲಿರುವ ಹ್ಯಾಲರ್ ಅಂಗ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಶಾಖ, ವಾಸನೆಗಳನ್ನು ಗುರುತಿಸುತ್ತದೆ. ಒಂದು ಮೀಟರ್ ಅಗಲದ ಬಟ್ಟೆಯನ್ನು ನೂರು ಮೀಟರ್ ಎಳೆದರೆ ನೂರು ಚದರ ಮೀಟರ್ ನೆಲವನ್ನು ಮುಟ್ಟಿದಂತಾಗುತ್ತದೆ. ಅದರಲ್ಲಿ 24 ನಿಂಫ್ ಹತ್ತಿದವು ಎನ್ನೋಣ, ಆಗ ಸಾಂದ್ರತೆ ನೂರು ಚದರ ಮೀಟರಿಗೆ 24 ಎಂದು ಬರೆದುಕೊಳ್ಳುತ್ತಾರೆ. ಆದರೆ ಆ ನೆಲದಲ್ಲಿ ಇರುವುದು ಇಪ್ಪತ್ತನಾಲ್ಕೇ ಎಂದಲ್ಲ. ಆ ಗಳಿಗೆಯಲ್ಲಿ ಮೇಲೇರಿ ಕಾಯುತ್ತಿದ್ದ, ಬಟ್ಟೆಗೆ ತಾಗಿದ, ತಾಗಿದ ಮೇಲೂ ಉದುರದೆ ಉಳಿದ, ಮತ್ತು ನೋಡುವವರ ಕಣ್ಣಿಗೆ ಬಿದ್ದ ಉಣುಗುಗಳ ಲೆಕ್ಕ ಅದು. ನೆಲದಲ್ಲಿರುವ ಒಟ್ಟು ಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ ಈ ನಾಲ್ಕೂ ಜರಡಿಗಳನ್ನು ದಾಟಿ ಪುಸ್ತಕಕ್ಕೆ ಬರುತ್ತದೆ.

ಹಾಗಿದ್ದ ಮೇಲೆ ಈ ಸಂಖ್ಯೆಗೆ ಬೆಲೆ ಹೇಗೆ ಬರುತ್ತದೆ? ಪ್ರತಿ ಬಾರಿಯೂ ಒಂದೇ ರೀತಿಯಲ್ಲಿ ತಪ್ಪುವುದರಿಂದ. ಬಟ್ಟೆಯ ಅಳತೆ, ನಡಿಗೆಯ ವೇಗ, ಹೊತ್ತು, ಬಟ್ಟೆ ಮಗುಚುವ ಅಂತರ ಇವೆಲ್ಲ ಬದಲಾಗದಿದ್ದರೆ, ಸಿಗುವ ಪಾಲು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಮತ್ತು ಎರಡು ಸಂಖ್ಯೆಗಳನ್ನು ಹೋಲಿಸಬಹುದು. ಬೆಳಗಿನ ಇಬ್ಬನಿ ಆರುವ ಮೊದಲು ಬಟ್ಟೆ ಎಳೆದರೆ ಅದು ಒದ್ದೆಯಾಗಿ ಉಣುಗು ಹತ್ತುವುದು ಕಡಿಮೆಯಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಉಣುಗುಗಳು ಮೈಯ ನೀರು ಆರದಂತೆ ಎಲೆಯಡಿಗೆ ಇಳಿದಿರುತ್ತವೆ. ಇಬ್ಬನಿ ಆರಿದ ಮೇಲೆ ಬಿಸಿಲು ಏರುವ ಮೊದಲಿನ ಹೊತ್ತನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ. ಹತ್ತು ಮೀಟರಿಗೊಮ್ಮೆ ನಿಲ್ಲುವುದಕ್ಕೂ ಕಾರಣವಿದೆ, ಏಕೆಂದರೆ ಬಟ್ಟೆ ಹಿಡಿದ ಉಣುಗು ಮುಂದಿನ ಕೊಂಬೆಗೆ ತಾಗಿ ಉದುರಿಬಿಡಬಹುದು. ಲಂಟಾನ ದಟ್ಟವಾಗಿರುವ ಕಡೆ ಬಟ್ಟೆ ನೆಲವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಬಟ್ಟೆಯನ್ನು ಕೋಲಿಗೆ ಬಾವುಟದಂತೆ ಕಟ್ಟಿ ಪೊದೆಗೆ ಸವರುತ್ತಾರೆ. ಈ ಎರಡು ವಿಧಾನಗಳ ಸಂಖ್ಯೆಗಳನ್ನು ಒಂದೇ ಕಾಲಂನಲ್ಲಿ ಕೂಡಿಸುವಂತಿಲ್ಲ. ಆದರೂ ಅವು ಕೂಡಿಕೊಂಡುಬಿಡುವುದು ಸುಲಭ, ಮತ್ತು ವರ್ಷಗಳ ಮೇಲೆ ಅದನ್ನು ಬೇರ್ಪಡಿಸುವುದು ಅಸಾಧ್ಯ.

ಲಾರ್ವಾಗಳ ಲೆಕ್ಕ ಇನ್ನೊಂದು ತೊಡಕು. ಒಂದೇ ಹೆಣ್ಣಿನ ಮರಿಗಳು ಹುಟ್ಟಿದ ಜಾಗದಲ್ಲೇ ಗುಂಪಾಗಿ ಇರುವುದರಿಂದ, ಒಂಬತ್ತು ಕಡೆ ಬಟ್ಟೆ ಖಾಲಿ ಬಂದು ಹತ್ತನೆಯ ಕಡೆ ನೂರಾರು ಒಟ್ಟಿಗೆ ಅಂಟಿಕೊಳ್ಳಬಹುದು. ಆ ಹತ್ತರ ಸರಾಸರಿ ಯಾವ ಜಾಗವನ್ನೂ ವರ್ಣಿಸುವುದಿಲ್ಲ. ಅದಕ್ಕಾಗಿ ಲಾರ್ವಾಗಳನ್ನು ನಿಂಫ್‌ಗಳಿಂದ ಬೇರೆಯಾಗಿ, ಪ್ರತಿ ಹತ್ತು ಮೀಟರಿನ ತುಂಡಿಗೆ ಪ್ರತ್ಯೇಕವಾಗಿ ಬರೆದಿಡಬೇಕಾಗುತ್ತದೆ. ಏನೂ ಸಿಗದ ತುಂಡಿನ ಎದುರು ಸೊನ್ನೆಯನ್ನು ಬರೆಯುವುದೂ ಅಷ್ಟೇ ಮುಖ್ಯ. ಹೊಸದಾಗಿ ಬಂದ ವಿದ್ಯಾರ್ಥಿಗೆ ಖಾಲಿ ಬಟ್ಟೆ ವ್ಯರ್ಥ ಶ್ರಮವೆನಿಸುತ್ತದೆ, ಅವನು ಆ ಸಾಲನ್ನು ಬಿಟ್ಟುಬಿಡುತ್ತಾನೆ; ಮುಂದೆ ಅದನ್ನು ಓದುವವರಿಗೆ ಅಲ್ಲಿ ಉಣುಗು ಇರಲಿಲ್ಲವೋ, ಅಲ್ಲಿಗೆ ಯಾರೂ ಹೋಗಲಿಲ್ಲವೋ ತಿಳಿಯುವುದಿಲ್ಲ.

ಜಾಗದ ಆಯ್ಕೆಯಲ್ಲಿ ಆಗುವ ಓರೆ ಇದಕ್ಕಿಂತ ದೊಡ್ಡದು. ಮಂಗ ಸತ್ತ ಕಡೆ, ರೋಗ ಬಂದ ಮನೆಯ ಹಿಂದಿನ ಬೆಟ್ಟದಲ್ಲಿ ಮಾತ್ರ ಬಟ್ಟೆ ಎಳೆದರೆ ಉಣುಗು ಹೆಚ್ಚು ಸಿಗಬಹುದು, ಆದರೆ ಹೆಚ್ಚು ಎಂದರೆ ಯಾವುದಕ್ಕಿಂತ ಹೆಚ್ಚು? ಉತ್ತರ ಕನ್ನಡದ ನೆಲದ ವೈವಿಧ್ಯ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಒಂದೇ ಊರಿನ ಸುತ್ತ ದಟ್ಟವಾದ ಕಾನು, ಸೊಪ್ಪು ಕಡಿದು ತೆಳುವಾದ ಬೆಟ್ಟ, ಹುಲ್ಲಿನ ಬೇಣ, ತೋಟದ ಅಂಚು, ದನ ಹೋಗುವ ದಾರಿ ಎಲ್ಲವೂ ಒಂದೆರಡು ಕಿಲೋಮೀಟರಿನೊಳಗೆ ಸಿಗುತ್ತವೆ. ಪ್ರತಿಯೊಂದರಲ್ಲೂ ಗೆರೆಗಳನ್ನು ಮೊದಲೇ ಗುರುತಿಸಿ, ಜಿಪಿಎಸ್ ನೆಲೆಯನ್ನು ಬರೆದಿಟ್ಟು, ಪ್ರತಿ ತಿಂಗಳೂ ಅವೇ ಗೆರೆಗಳ ಮೇಲೆ ನಡೆಯಬೇಕು. ಹಾಗೆ ಮಾಡಿದಾಗ ಮಾತ್ರ ನೆರಳು, ದರಕಿನ ದಪ್ಪ, ದನದ ಓಡಾಟ ಇವುಗಳಲ್ಲಿ ಯಾವುದರ ಜೊತೆಗೆ ಉಣುಗಿನ ಸಂಖ್ಯೆ ಏರಿಳಿಯುತ್ತದೆ ಎಂದು ಕೇಳಲು ಸಾಧ್ಯ. ಕರಾವಳಿಯ ಜಂಬಿಟ್ಟಿಗೆ ಕಲ್ಲಿನ ಬಯಲಿಗೂ ದೇವಿಮನೆ ಘಟ್ಟದ ಮೇಲಿನ ಕಾಡಿಗೂ ಒಂದೇ ಲೆಕ್ಕ ಹಾಕಲಾಗದು ಎಂಬುದನ್ನು ಹೇಳಬೇಕಾಗಿಯೇ ಇಲ್ಲ.

ಸಿಕ್ಕಿದ ಉಣುಗು ಯಾವುದೆಂದು ಗುರುತಿಸುವ ಕೆಲಸ ಪ್ರಯೋಗಾಲಯದ್ದು. ದನದ ಮೈಯಿಂದ ಕಿತ್ತು ಊರಿನವರು ತಂದುಕೊಡುವ, ಹುರುಳಿಕಾಳಿನಷ್ಟು ಉಬ್ಬಿದ ಉಣುಗುಗಳಲ್ಲಿ ಹಲವು ರಿಪಿಸೆಫಾಲಸ್ ಕುಲದವು. ಅವುಗಳಲ್ಲಿ ಸಾಮಾನ್ಯವಾದ ದನದ ಉಣುಗು ಇಡೀ ಆಯುಷ್ಯವನ್ನು ಒಂದೇ ಪ್ರಾಣಿಯ ಮೇಲೆ ಕಳೆಯುವುದರಿಂದ ಮಂಗನಿಂದ ಮನುಷ್ಯನಿಗೆ ವೈರಸ್ ದಾಟಿಸುವ ಸಂದರ್ಭ ಅದಕ್ಕೆ ಒದಗುವುದು ಕಷ್ಟ. ಹೀಮಾಫೈಸಾಲಿಸ್ ಕುಲವನ್ನು ಬಾಯಿಯ ಪಕ್ಕದ ಪ್ಯಾಲ್ಪ್ ಎಂಬ ಸ್ಪರ್ಶಾಂಗಗಳು ಹೊರಕ್ಕೆ ಚಾಚಿಕೊಂಡಿರುವುದರಿಂದ ಸ್ಟೀರಿಯೊ ಸೂಕ್ಷ್ಮದರ್ಶಕದ ಅಡಿಯಲ್ಲಿ ಬೇಗ ಗುರುತಿಸಬಹುದು, ಆದರೆ ಆ ಕುಲದೊಳಗೆ ಸ್ಪಿನಿಜೆರಾ ಯಾವುದು, ಅದರ ಬಂಧುವಾದ ಟರ್ಟುರಿಸ್ ಯಾವುದು ಎಂದು ನಿಂಫ್ ಹಂತದಲ್ಲಿ ಹೇಳಲು ಕಾಲಿನ ಬುಡದ ಮುಳ್ಳುಗಳನ್ನು, ಬಾಯಿಯ ಹಲ್ಲಿನ ಸಾಲುಗಳನ್ನು ಎಣಿಸುವ ತಾಳ್ಮೆ ಬೇಕು. ಈ ವೈರಸ್ ಹಲವು ಜಾತಿಯ ಉಣುಗುಗಳಲ್ಲಿ ಪತ್ತೆಯಾಗಿದೆಯಾದರೂ ಮನುಷ್ಯನಿಗೆ ತಲುಪಿಸುವಲ್ಲಿ ಎಲ್ಲವುಗಳ ಪಾಲೂ ಸಮಾನವಲ್ಲ. ಜಾತಿ ಗುರುತಿಸದ ಎಣಿಕೆಯಿಂದ ಹೆಚ್ಚೇನೂ ತಿಳಿಯದಿರುವುದು ಇದಕ್ಕೇ.

ಉಣುಗಿನಲ್ಲಿ ವೈರಸ್ ಇದೆಯೇ ಎಂದು ನೋಡುವುದು ವಿದ್ಯಾರ್ಥಿಗಳ ಕೆಲಸವಲ್ಲ, ಆಗಲೂ ಬಾರದು. ಹಿಂದೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೇ ಈ ಸೋಂಕು ತಗುಲಿದ ಇತಿಹಾಸವಿದೆ. ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯಗಳಲ್ಲೇ ಅದನ್ನು ನಿರ್ವಹಿಸುತ್ತಾರೆ. ಕ್ಷೇತ್ರದಿಂದ ಹೋಗುವ ಮಾದರಿಗಳು ಎರಡು ಬಗೆಯವು: ಗುರುತಿಸುವುದಕ್ಕಷ್ಟೇ ಬೇಕಾದವು ಶೇಕಡಾ 70ರ ಆಲ್ಕೊಹಾಲಿನಲ್ಲಿ, ವೈರಸ್ ಪರೀಕ್ಷೆಗೆ ಬೇಕಾದವು ದಾರಿಯುದ್ದಕ್ಕೂ ತಂಪು ತಪ್ಪದಂತೆ. ಅಲ್ಲಿ ಒಂದೊಂದೇ ಉಣುಗನ್ನು ಪರೀಕ್ಷಿಸುವುದು ದುಬಾರಿಯಾದ್ದರಿಂದ, ಒಂದೇ ಜಾಗದ, ಒಂದೇ ಜಾತಿಯ, ಒಂದೇ ಹಂತದ ಉಣುಗುಗಳನ್ನು ಗುಂಪು ಮಾಡಿ ಅರೆದು, ವೈರಸ್ಸಿನ ಆನುವಂಶಿಕ ವಸ್ತುವನ್ನು ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತಾರೆ. 500 ನಿಂಫ್‌ಗಳನ್ನು 25ರಂತೆ 20 ಗುಂಪು ಮಾಡಿ, ಅವುಗಳಲ್ಲಿ 2 ಗುಂಪುಗಳಲ್ಲಿ ವೈರಸ್ ಕಂಡಿತು ಎನ್ನೋಣ. ಆ ಗುಂಪುಗಳಲ್ಲಿ ಕನಿಷ್ಠ ಒಂದೊಂದು ಉಣುಗಾದರೂ ಸೋಂಕಿತವಾಗಿರಲೇಬೇಕು. ಹಾಗಾಗಿ ಕನಿಷ್ಠ ಸೋಂಕಿನ ದರ 500ಕ್ಕೆ 2, ಅಂದರೆ ಸಾವಿರಕ್ಕೆ 4. ‘ಕನಿಷ್ಠ’ ಎಂಬುದನ್ನು ಮರೆತು ಪತ್ರಿಕೆಗಳು ಈ ಸಂಖ್ಯೆಯನ್ನು ನಿಖರ ಪ್ರಮಾಣವೆಂಬಂತೆ ಬರೆದುಬಿಡುವುದುಂಟು. ಇನ್ನೊಂದು ಕಡೆ, ಇಪ್ಪತ್ತೂ ಗುಂಪುಗಳಲ್ಲಿ ವೈರಸ್ ಸಿಗಲಿಲ್ಲ ಎಂದರೆ ಬೆಟ್ಟ ಸುರಕ್ಷಿತವೆಂದಲ್ಲ. ಸಾವಿರಕ್ಕೆ ಒಂದೆರಡು ಮಾತ್ರ ಸೋಂಕಿತವಾಗಿದ್ದರೆ, ಐನೂರರಲ್ಲಿ ಅವು ಸಿಗದೆ ಹೋಗುವುದು ಆಶ್ಚರ್ಯವೇನಲ್ಲ.

ಅಪಾಯದ ನಿಜವಾದ ಅಳತೆ ಎರಡು ಸಂಖ್ಯೆಗಳ ಗುಣಲಬ್ಧ: ನಿಂಫ್‌ಗಳ ಸಾಂದ್ರತೆ ಮತ್ತು ಅವುಗಳಲ್ಲಿ ಸೋಂಕಿತವಾದವುಗಳ ಪಾಲು. ಇದಕ್ಕೆ ಮೂರನೆಯದಾಗಿ ಮನುಷ್ಯರ ಓಡಾಟ ಸೇರುತ್ತದೆ. ಸೋಂಕಿತ ನಿಂಫ್ ತುಂಬಿದ ಕಾನಿಗೆ ಯಾರೂ ಹೋಗದಿದ್ದರೆ ಯಾರಿಗೂ ಜ್ವರ ಬರುವುದಿಲ್ಲ; ಉಣುಗು ಕಡಿಮೆ ಇರುವ ಬೆಟ್ಟದಲ್ಲಿ ದಿನವಿಡೀ ಕುಳಿತು ದರಕು ಒಟ್ಟುವ ಹೆಂಗಸಿಗೆ ಬರಬಹುದು. ಒಳ್ಳೆಯ ಸಮೀಕ್ಷೆಗಳಲ್ಲಿ ಬಟ್ಟೆಯ ಲೆಕ್ಕದ ಜೊತೆಗೆ ಯಾವ ಮನೆಯವರು ಯಾವ ತಿಂಗಳು ಯಾವ ಬೆಟ್ಟಕ್ಕೆ ಹೋಗುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಈ ಎರಡನೆಯ ಪುಸ್ತಕವನ್ನು ವಿಜ್ಞಾನದ ವಿದ್ಯಾರ್ಥಿಗಳು ಹಗುರವಾಗಿ ಕಾಣುವುದು ನನಗೆ ಸರಿಕಾಣುವುದಿಲ್ಲ.

ಈ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸುವುದರಲ್ಲಿ ಒಂದು ಅನುಕೂಲವಿದೆ, ಒಂದು ಮೂಲಭೂತ ತೊಂದರೆಯೂ ಇದೆ. ತಿಂಗಳಿಗೊಮ್ಮೆ ಹತ್ತಾರು ಗೆರೆಗಳ ಮೇಲೆ ನಡೆಯಲು ಬೇಕಾದ ಕಾಲುಗಳು ಮತ್ತು ಕಣ್ಣುಗಳು ಕಾಲೇಜಿನಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಆದರೆ ಶೈಕ್ಷಣಿಕ ವೇಳಾಪಟ್ಟಿಗೂ ಉಣುಗಿನ ವೇಳಾಪಟ್ಟಿಗೂ ಹೊಂದಾಣಿಕೆಯಿಲ್ಲ, ಮತ್ತು ವಿದ್ಯಾರ್ಥಿಗಳು ಒಂದೆರಡು ವರ್ಷಗಳಲ್ಲಿ ಬದಲಾಗುತ್ತಾರೆ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಕೆಲವು ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕವಿರುತ್ತದೆ. ಅಪ್ಪ ಬರೆದದ್ದನ್ನು ಮಗ ಮುಂದುವರಿಸುತ್ತಾನೆ, ಒಂದು ದಿನದ ಸಂಖ್ಯೆಗೆ ಬೆಲೆ ಬರುವುದು ಮೂವತ್ತು ವರ್ಷದ ಸಾಲಿನ ಪಕ್ಕದಲ್ಲಿ ಅದು ನಿಂತಾಗ. ಉಣುಗಿನ ಪುಸ್ತಕಕ್ಕೂ ಅಂತಹ ವಾರಸುದಾರಿಕೆ ಬೇಕು. ಒಂದು ಪ್ರಬಂಧಕ್ಕೆ ಬೇಕಾದ ಒಂದು ಋತುವಿನ ಅಂಕಿಗಳನ್ನು ತೆಗೆದು ನಿಲ್ಲಿಸಿಬಿಟ್ಟರೆ, ಆ ವರ್ಷ ಉಣುಗು ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದನ್ನು ಕೂಡ ಹೇಳಲಾಗುವುದಿಲ್ಲ. ಹಿಂದಿನ ತಂಡ ಹೊಸ ತಂಡದ ಜೊತೆ ಕೆಲವು ದಿನ ಅದೇ ಗೆರೆಗಳ ಮೇಲೆ ನಡೆದು, ಒಂದೇ ಬಟ್ಟೆಯನ್ನು ಇಬ್ಬರೂ ಪ್ರತ್ಯೇಕವಾಗಿ ಎಣಿಸಿ ವ್ಯತ್ಯಾಸ ನೋಡಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಈ ಕೊಂಡಿ ಕಳಚದಂತೆ ತಡೆಯಬಹುದು.

ಕಾಡಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸೊಪ್ಪಿನ ಬೆಟ್ಟವಾದರೆ ಅದನ್ನು ಅನುಭವಿಸುವ ಮನೆಯವರ ಒಪ್ಪಿಗೆಯೂ ಬೇಕು, ಕಾಗದದ ಮೇಲೆ ಅದು ಅಗತ್ಯವಿರಲಿ ಬಿಡಲಿ. ಉಡುಪು ತಿಳಿಬಣ್ಣದ್ದಾಗಿರಬೇಕು, ಏಕೆಂದರೆ ಕಪ್ಪು ಪ್ಯಾಂಟಿನ ಮೇಲೆ ನಿಂಫ್ ಕಾಣುವುದಿಲ್ಲ. ಪ್ಯಾಂಟಿನ ತುದಿಯನ್ನು ಸಾಕ್ಸ್‌ನೊಳಗೆ ಸೇರಿಸಬೇಕು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ತೆರೆದ ಚರ್ಮಕ್ಕೆ ಹಚ್ಚಿಕೊಳ್ಳಬೇಕು. ದರಕಿನ ಮೇಲೆ ಕುಳಿತು ಊಟ ಮಾಡಬಾರದು. ಮರಳಿದ ಕೂಡಲೇ ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗಗಳನ್ನು ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ಚಿಮಟದಿಂದ ಚರ್ಮದ ಮಟ್ಟದಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಜಾಗವನ್ನು ಗುರುತಿಸಿಕೊಂಡು ಅರಣ್ಯ ಮತ್ತು ಆರೋಗ್ಯ ಇಲಾಖೆಗೆ ತಿಳಿಸಬೇಕು. ಆ ಗೆರೆಯಲ್ಲಿ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಶಿಸ್ತು ಬೇಕಾಗುವುದು ಕಾಡಿನಿಂದ ಬಂದ ಮೇಲಿನ ದಿನಗಳಲ್ಲಿ. ವೈರಸ್ ಮೈ ಸೇರಿದ ಮೂರರಿಂದ ಎಂಟು ದಿನಗಳಲ್ಲಿ ಸಾಮಾನ್ಯವಾಗಿ ಜ್ವರ ಕಾಣಿಸಿಕೊಳ್ಳುತ್ತದೆ. ಅದು ಒಮ್ಮೆಲೇ ಏರುತ್ತದೆ, ತಲೆನೋವು ಮತ್ತು ಮೈಕೈ ನೋವು ವಿಪರೀತವಾಗಿರುತ್ತದೆ, ಕೆಲವರಲ್ಲಿ ಮೂಗು, ಒಸಡುಗಳಿಂದ ರಕ್ತಸ್ರಾವವಾಗುತ್ತದೆ. ಒಂದೆರಡು ವಾರದಲ್ಲಿ ಗುಣವಾದಂತೆ ಕಂಡು ಮತ್ತೆ ಜ್ವರ ಮರುಕಳಿಸಿ ಮಿದುಳಿಗೆ ಸಂಬಂಧಿಸಿದ ತೊಂದರೆ ಕಾಣಿಸಿಕೊಳ್ಳುವವರೂ ಇದ್ದಾರೆ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವ ಈ ರೋಗಕ್ಕೆ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಳ್ಳುವ ಆರೈಕೆಯೇ ಚಿಕಿತ್ಸೆ. ಆದ್ದರಿಂದ ತಂಡದ ಪ್ರತಿಯೊಬ್ಬರೂ ಕ್ಷೇತ್ರಕ್ಕೆ ಹೋದ ದಿನಾಂಕವನ್ನು ಬರೆದಿಟ್ಟು, ನಂತರದ ಎರಡು ವಾರ ದಿನವೂ ಮೈಬಿಸಿ ನೋಡಿಕೊಳ್ಳಬೇಕು. ಊರಿಗೆ ಹೋದಾಗ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಮಲೇರಿಯಾ, ಡೆಂಗಿಗಳ ಯೋಚನೆಯೇ ಮೊದಲು ಬರುತ್ತದೆ. ಕಾರವಾರದ ಕಡಲಂಚಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ವೈದ್ಯರು ಉಣುಗನ್ನು ನೆನಪಿಸಿಕೊಳ್ಳಬೇಕಾದರೆ, ತಾನು ಯಾವ ತಾರೀಖಿನಂದು ಯಾವ ಬೆಟ್ಟದಲ್ಲಿದ್ದೆ ಎಂಬುದನ್ನು ರೋಗಿಯೇ ಹೇಳಬೇಕು. ಜ್ವರದ ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲಿ ಆರ್‌ಟಿ-ಪಿಸಿಆರ್ ವೈರಸ್ಸನ್ನೇ ಹಿಡಿಯುತ್ತದೆ. ತಡವಾದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಐಜಿಎಂ ಪ್ರತಿಕಾಯವನ್ನು ಹುಡುಕಬೇಕಾಗುತ್ತದೆ. ಯಾವ ಪರೀಕ್ಷೆ ಬರೆಯಬೇಕೆಂದು ವೈದ್ಯರು ತೀರ್ಮಾನಿಸುವುದು ಆ ತಾರೀಖನ್ನು ನೋಡಿಕೊಂಡೇ.